ಒಂದೇ ಕೆನ್ನೆ ಬೆವರುತ್ತದೆ ಅಂತ ಮೊದಲೇ ಹೇಳಬಾರದೇ?

ಸಂಪಾದಕರಿಗೆ ನಮಸ್ಕಾರ.

ಊಟಕ್ಕೆ ಕೂತಾಗ ಒಂದು ಕೆನ್ನೆ ಮಾತ್ರ ಬೆವರುವವನು ನಮ್ಮ ಜಿಲ್ಲೆಯಲ್ಲಿ ನಾನೊಬ್ಬನೇ ಇರಲಿಕ್ಕಿಲ್ಲ. ಉಳಿದವರು ಯಾರ ಹತ್ತಿರವೂ ಹೇಳದೆ ಹೆದರಿ ಕೂತಿರಬಹುದು ಅಂತ ಈ ಪತ್ರ.

ನಾನು ಶಿರಸಿ ಕಡೆ ಮದುವೆ, ಉಪನಯನಗಳ ಅಡುಗೆ ಮಾಡುವವನು. ಎಡಗಿವಿಯ ಕೆಳಗೆ ಒಂದು ಗಂಟಾಗಿತ್ತು. ನೋವಿರಲಿಲ್ಲ. ಜೊಲ್ಲುಗ್ರಂಥಿಯಲ್ಲಿ ಬೆಳೆದದ್ದು, ಕ್ಯಾನ್ಸರ್ ಅಲ್ಲ, ಆದರೂ ತೆಗೆಸಿಬಿಡಿ ಎಂದರು. ಜಿಲ್ಲೆಯ ಹೊರಗೆ ಹೋಗಿ ಆಪರೇಷನ್ ಮಾಡಿಸಿದೆ. ಮುಖದ ನರ ಆ ಗ್ರಂಥಿಯೊಳಗೇ ಹಾದುಹೋಗುತ್ತದೆ, ಬಾಯಿ ಸೊಟ್ಟಗಾಗಲೂಬಹುದು ಅಂತ ಮೊದಲೇ ಹೇಳಿ ಸಹಿ ಹಾಕಿಸಿಕೊಂಡಿದ್ದರು. ಹಾಗೇನೂ ಆಗಲಿಲ್ಲ. ಡಾಕ್ಟರ ಕೈಗುಣದ ಬಗ್ಗೆ ನನ್ನ ತಕರಾರಿಲ್ಲ.

ವರ್ಷ ಆಗುತ್ತ ಬಂದಾಗ ಬೇರೆಯೇ ಶುರುವಾಯಿತು. ಒಲೆ ಮುಂದೆ ಇಡೀ ಮುಖ ಬೆವರುವಾಗ ಗೊತ್ತಾಗಿರಲಿಲ್ಲ. ಚಳಿಗಾಲದ ಬೆಳಗ್ಗೆ ಮನೆಯಲ್ಲಿ ದೋಸೆಗೆ ಮಿಡಿ ಉಪ್ಪಿನಕಾಯಿ ನಂಜಿಕೊಂಡೆ. ಎಡಗಿವಿಯ ಮುಂದೆ ಕೆಂಪಾಗಿ, ಬೆವರು ಗಲ್ಲದವರೆಗೆ ಇಳಿಯಿತು. ಬಲಗೆನ್ನೆ ಒಣಗಿಯೇ ಇತ್ತು. ಹಾಲು ಅನ್ನಕ್ಕೆ ಅಷ್ಟಿಲ್ಲ, ಹುಳಿ ತಾಗಿದರೆ ಜಾಸ್ತಿ. ಗಂಟು ಮತ್ತೆ ಬಂತೇನೋ, ಒಳಗಿಂದ ಜೊಲ್ಲೇ ಸೋರುತ್ತಿದೆಯೇನೋ ಅಂತ ನಿದ್ದೆ ಹೋಯಿತು. ಬಿಪಿ ಇರಬೇಕು ಎಂದರು ಒಬ್ಬರು. ಹಾರ್ಟ್ ತೋರಿಸು ಎಂದರು ಇನ್ನೊಬ್ಬರು. ಸಲಹೆಗೇನು, ಸುಮ್ನೆ ಸಿಗುತ್ತದೆ.

ಕೊನೆಗೆ ಒಬ್ಬ ಇಎನ್‌ಟಿ ಡಾಕ್ಟರು ಬಿಡಿಸಿ ಹೇಳಿದರು. ಊಟ ಕಂಡಾಗ ಜೊಲ್ಲು ಸುರಿಸು ಅಂತ ಗ್ರಂಥಿಗೆ ಹೇಳುವ ಸಣ್ಣ ನರದೆಳೆಗಳು ಆಪರೇಷನ್‌ನಲ್ಲಿ ತುಂಡಾಗುತ್ತವೆ. ತಿಂಗಳುಗಟ್ಟಲೆ ನಿಧಾನಕ್ಕೆ ಮತ್ತೆ ಬೆಳೆಯುತ್ತವೆ. ಕೆಲವು ದಾರಿ ತಪ್ಪಿ ಚರ್ಮದ ಬೆವರುಗ್ರಂಥಿಗಳಿಗೆ ಹೋಗಿ ಕೂಡುತ್ತವೆ. ಜೊಲ್ಲಿಗೂ ಬೆವರಿಗೂ ನರ ಕೊಡುವ ಅಪ್ಪಣೆ ಒಂದೇ ರಾಸಾಯನಿಕದ್ದು, ಅಸಿಟೈಲ್‌ಕೋಲಿನ್. ಹಾಗಾಗಿ ಬಾಯಲ್ಲಿ ನೀರೂರಬೇಕಾದ ಹೊತ್ತಿಗೆ ಕೆನ್ನೆ ಬೆವರುತ್ತದೆ. ಇದಕ್ಕೆ ಫ್ರೇ ಸಿಂಡ್ರೋಮ್ ಅಂತ ಹೆಸರು. ಪೋಲೆಂಡಿನ ನರರೋಗ ವೈದ್ಯೆ ಲೂಸಿಯಾ ಫ್ರೇ 1923ರಲ್ಲೇ ಇದನ್ನು ವಿವರಿಸಿದ್ದರಂತೆ.

ಪರೀಕ್ಷೆ ಮಾತ್ರ ನನಗೆ ಖುಷಿ ಕೊಟ್ಟಿತು. ಕೆನ್ನೆಗೆ ಅಯೋಡಿನ್ ಹಚ್ಚಿ, ಒಣಗಿದ ಮೇಲೆ ಸ್ಟಾರ್ಚ್ ಪುಡಿ ಉದುರಿಸಿ, ನಿಂಬೆಹಣ್ಣು ಚೀಪಿಸಿದರು. ಬೆವರಿದ ಜಾಗವಷ್ಟೇ ಕಡುನೀಲಿ ಆಯಿತು. ಎಲ್ಲಾ ನಮ್ಮ ಅಡುಗೆಮನೆ ಸಾಮಾನೇ, ಅಯೋಡಿನ್ ಒಂದು ಬಿಟ್ಟು!

ಜೀವಕ್ಕೆ ಅಪಾಯವಿಲ್ಲ. ಅಲ್ಯೂಮಿನಿಯಂ ಕ್ಲೋರೈಡ್ ಇರುವ, ಬೆವರು ತಡೆಯುವ ಲೋಷನ್ ಸಾಕಾಗಬಹುದು. ಸಾಲದಿದ್ದರೆ ಬೊಟಾಕ್ಸ್ ಸೂಜಿ, ಅದರ ಪರಿಣಾಮ ಕೆಲವು ತಿಂಗಳು ಇರುತ್ತದೆ. ನಾನು ಸದ್ಯ ಲೋಷನ್‌ನಲ್ಲೇ ಇದ್ದೇನೆ. ಮದುವೆ ಮನೆಯಲ್ಲಿ ಅಪ್ಪೆಹುಳಿ ರುಚಿ ನೋಡುವ ಕೆಲಸ ಸಹಾಯಕನಿಗೆ ಬಿಟ್ಟಿದ್ದೇನೆ. ಅಡುಗೆಯವನ ಕೆನ್ನೆಯಿಂದ ಬೆವರಿಳಿದರೆ ನೋಡಿದವರು ಏನಂದುಕೊಂಡಾರು, ಅಲ್ವಾ? ಅವನ ಕೈ ಉಪ್ಪಿಗೆ ಸ್ವಲ್ಪ ಜೋರು, ಅದು ಬೇರೆ ಮಾತು.

ನನ್ನ ತಕರಾರು ಇಷ್ಟೇ. ಬಾಯಿ ಸೊಟ್ಟಗಾಗುವ ಮಾತು ಹೇಳಿದವರು ಇದನ್ನೂ ಹೇಳಬಹುದಿತ್ತು. ಡಿಸ್ಚಾರ್ಜ್ ಚೀಟಿ ಪೂರ್ತಿ ಇಂಗ್ಲಿಷ್‌ನಲ್ಲಿತ್ತು, ಅದರಲ್ಲೂ ಇದರ ಸುದ್ದಿ ಇರಲಿಲ್ಲ. ಇಂಥ ಆಪರೇಷನ್ನಿಗೆ ನಮ್ಮ ಕಡೆಯವರು ಹುಬ್ಬಳ್ಳಿಗೋ, ಮಣಿಪಾಲಕ್ಕೋ, ಗೋವಾಕ್ಕೋ ಹೋಗುತ್ತಾರೆ. ಒಂದು ಅನುಮಾನ ಕೇಳಲು ಮತ್ತೆ ಅಷ್ಟು ದೂರ ಹೋದರೆ ದಿನದ ದುಡಿಮೆ ಹೋಯಿತು. ಚೀಟಿಯ ಕೆಳಗೆ ಕನ್ನಡದಲ್ಲಿ ಎರಡು ಸಾಲು ಬರೆದು ಕಳಿಸಲಿ. ನಿಮ್ಮ ಪತ್ರಿಕೆಯ ಆರೋಗ್ಯ ಪುಟದಲ್ಲೂ ತಿಳಿದ ವೈದ್ಯರಿಂದ ಒಮ್ಮೆ ಬರೆಸಿ.

– ಒಬ್ಬ ಅಡುಗೆಯವರು, ಶಿರಸಿ ತಾಲ್ಲೂಕು