ಮೊದಲ ಕಾದಂಬರಿ ಬಂತು, ಕೆಲವರಿಗೆ ಋಣ ಹೇಳಬೇಕು

ನನ್ನ ಮೊದಲ ಕಾದಂಬರಿ ಕಳೆದ ಭಾನುವಾರ ಶಿವಮೊಗ್ಗದಲ್ಲಿ ಬಿಡುಗಡೆಯಾಯಿತು. ಎರಡು ಮಾತಾಡಿ ಎಂದು ಮೈಕ್ ಕೊಟ್ಟರು. ಗಂಟಲು ಕಟ್ಟಿಬಿಟ್ಟಿತು. "ಎಲ್ಲರಿಗೂ ನಮಸ್ಕಾರ" ಎಂದಷ್ಟೇ ಹೇಳಿ ಕೂತೆ. ಅಲ್ಲಿ ಹೇಳಬೇಕಿದ್ದದ್ದು ಇಲ್ಲಿದೆ.

ನನಗೆ ಐವತ್ತು ದಾಟಿದೆ. ಈ ವಯಸ್ಸಲ್ಲಿ ಶುರು ಮಾಡಬಹುದು ಅನ್ನುವ ಧೈರ್ಯ ನನಗೆ ಬಂದದ್ದು ಕಾದಂಬರಿಗಾರ್ತಿ ಎಂ.ಕೆ. ಇಂದಿರಾ ಅವರಿಂದ. ಅವರನ್ನು ನಾನು ಒಮ್ಮೆಯೂ ಕಂಡವಳಲ್ಲ. ಆದರೂ ಮೊದಲ ನಮಸ್ಕಾರ ಅವರಿಗೇ.

ಅವರು ಹುಟ್ಟಿದ್ದು 1917ರ ಜನವರಿ 5ರಂದು, ತೀರ್ಥಹಳ್ಳಿಯಲ್ಲಿ. ತಂದೆ ಸೂರ್ಯನಾರಾಯಣ ರಾವ್ ಕೃಷಿಕರು, ತಾಯಿ ಬನಶಂಕರಮ್ಮ. ಮನೆತನದ ಊರು ನರಸಿಂಹರಾಜಪುರ. ಒಂದು ಊರಿಗೆ ತುಂಗೆ, ಇನ್ನೊಂದರ ಹತ್ತಿರ ಭದ್ರೆ. ಶಾಲೆ ನೋಡಿದ್ದು ಏಳು ವರ್ಷ ಮಾತ್ರ. 12ನೇ ವಯಸ್ಸಿಗೆ ಮದುವೆ. ಆಮೇಲೆ ಸಂಸಾರ, ಜೊತೆಗೆ ಕನ್ನಡ ಕಾವ್ಯದ ಓದು, ಹಿಂದಿ ಸಾಹಿತ್ಯದ ಓದು. ಕಾದಂಬರಿ ಬರೆಯಲು ಕೂತದ್ದು 45ರ ಆಸುಪಾಸಿನಲ್ಲಿ. ಮೊದಲ ಕಾದಂಬರಿ ‘ತುಂಗಭದ್ರ’ ಅಚ್ಚಾದದ್ದು 1963ರಲ್ಲಿ.

ಮದುವೆಗೂ ಆ ಪುಸ್ತಕಕ್ಕೂ ನಡುವೆ ಮೂವತ್ತಕ್ಕೂ ಜಾಸ್ತಿ ವರ್ಷ ಇದೆ. "ತಡವಾಗಿ ಬರೆಯಲು ಶುರು ಮಾಡಿದರು" ಎಂದು ಒಂದೇ ಸಾಲಲ್ಲಿ ಇದನ್ನು ಮುಗಿಸಿಬಿಡುತ್ತಾರೆ. ನನಗೆ ಆ ಮಾತು ಒಪ್ಪಿಗೆಯಾಗುವುದಿಲ್ಲ. ಬಾಲವಿಧವೆಯೊಬ್ಬಳ ಕಥೆ ಹೇಳುವ ಅವರ ‘ಫಣಿಯಮ್ಮ’ ಕಾದಂಬರಿಯನ್ನೇ ನೋಡಿ. ಪುಸ್ತಕ ಬಂದದ್ದು 1976ರಲ್ಲಿ. ಆದರೆ ಆ ಬಾಲವಿಧವೆಯನ್ನು ಇಂದಿರಾ ಕಂಡದ್ದು ತಾವು ಚಿಕ್ಕವರಿದ್ದಾಗ. ಆ ಹೆಂಗಸು ತನ್ನ ಬದುಕನ್ನು ಇಂದಿರಾ ಅವರ ತಾಯಿಯ ಹತ್ತಿರ ಹೇಳಿಕೊಂಡಿದ್ದಳು. ಗಂಡನ ಮುಖ ಸರಿಯಾಗಿ ನೋಡುವ ಮೊದಲೇ ಅವನು ಹಾವು ಕಚ್ಚಿ ಸತ್ತದ್ದು, ತಲೆ ಬೋಳಿಸಿದ್ದು, ಉದ್ದಕ್ಕೂ ಬೇರೆಯವರ ಮನೆಗಳಲ್ಲಿ ದುಡಿದದ್ದು, ಎಲ್ಲ. ಅದೇ ಫಣಿಯಮ್ಮ ಕಾದಂಬರಿಯಲ್ಲಿ ಮುಪ್ಪಿನಲ್ಲಿ, ತಲೆ ಬೋಳಿಸಿಕೊಳ್ಳುವುದಿಲ್ಲ ಎಂದು ಹಟ ಹಿಡಿದ ದಾಕ್ಷಾಯಿಣಿಯ ಪರ ನಿಲ್ಲುತ್ತಾಳೆ. ಆ ಪುಟಗಳನ್ನು ಎಷ್ಟು ಸಲ ಓದಿದರೂ ನನಗೆ ಕಣ್ಣು ತುಂಬುತ್ತದೆ. ಅವಳಿಗೆ ಯಾರ ಮೇಲೂ ದ್ವೇಷವಿಲ್ಲ, ಆದರೆ ತನಗಾದದ್ದು ಇನ್ನೊಬ್ಬಳಿಗೆ ಆಗಬಾರದು ಅನ್ನುವುದು ಗಟ್ಟಿಯಾಗಿದೆ. ಮುಂದೆ ಪ್ರೇಮಾ ಕಾರಂತರು ಇದನ್ನೇ ತಮ್ಮ ಮೊದಲ ಸಿನಿಮಾ ಮಾಡಿದರು.

ಹೇಳಿ, ಇದನ್ನು ಇಂದಿರಾ ಯಾವಾಗ ಬರೆಯಲು ಶುರು ಮಾಡಿದರು? ನನ್ನ ಪ್ರಕಾರ ದೊಡ್ಡವರ ಮಾತಿಗೆ ಕಿವಿಕೊಟ್ಟು ಕೂತ ಆ ಹುಡುಗಿಯ ಕಾಲದಲ್ಲೇ. ಪೆನ್ನು ಹಿಡಿದದ್ದು ಆಮೇಲೆ, ಅಷ್ಟೇ.

ಹಾಗಾಗಿ ನನ್ನ ಋಣದ ಪಟ್ಟಿಯೂ ಪೆನ್ನು ಕೊಟ್ಟವರಿಂದ ಶುರುವಾಗುವುದಿಲ್ಲ. ನನಗೆ ಕಥೆ ಹೇಳಿದವರು ಮೊದಲು. ನಮ್ಮ ಅತ್ತೆ ಹೆಬ್ಬೆಟ್ಟು ಒತ್ತುವವರು. ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿಯುವ ರಾತ್ರಿಗಳಲ್ಲಿ, ಯಾವ ಮನೆಯ ಹೆಣ್ಣು ಯಾಕೆ ತವರಿಗೆ ವಾಪಸ್ಸು ಬಂದಳು, ಯಾರ ಬಂಗಾರ ಯಾರ ಸಾಲಕ್ಕೆ ಹೋಯಿತು ಎಂದು ಅವರು ಹೇಳುತ್ತಿದ್ದರೆ ನನ್ನ ಕೈ ನಿಂತುಬಿಡುತ್ತಿತ್ತು. "ಕೈ ನಡೀಲಿ ಮಾರಾಯ್ತಿ, ಕಿವಿಗೇನು ಕೆಲಸ ಇಲ್ವಲ್ಲ" ಅನ್ನುತ್ತಿದ್ದರು. ಅತ್ತೆಮ್ಮ, ನೀವಿಲ್ಲದೆ ಈ ಪುಸ್ತಕದಲ್ಲಿ ಒಂದು ಪುಟವೂ ಇಲ್ಲ. ನಿಮ್ಮ ಜೊತೆ ಸುಲಿಯಲು ಬರುತ್ತಿದ್ದ ಅಕ್ಕಂದಿರು, ದೊಡ್ಡಮ್ಮಂದಿರು ಎಲ್ಲರಿಗೂ ಇದೇ ಮಾತು.

ನನ್ನ ಹೈಸ್ಕೂಲಿನ ಕನ್ನಡ ಮೇಡಂ ಹಸ್ತಪ್ರತಿ ಪೂರ್ತಿ ಓದಿದರು. ಓದಿ ಮುಗಿಸಿ ಒಂದೇ ಪ್ರಶ್ನೆ ಕೇಳಿದರು: "ಮಲೆನಾಡಿನ ಮನೆ ಅಂತ ಬರೆದಿದ್ದೀಯ, ಒಲೆ ಎಲ್ಲಿದೆ?" ಆ ಒಂದು ಮಾತಿನಿಂದ ಮೂರು ಅಧ್ಯಾಯ ಹೊಸದಾಗಿ ಹುಟ್ಟಿದವು. ಮೇಡಂ, ನಿಮ್ಮ ಕಾಲಿಗೆ ನಮಸ್ಕಾರ.

ಸೊಸೆ ರಾತ್ರಿ ಪಾಪು ಮಲಗಿದ ಮೇಲೆ ಕೂತು ಅಷ್ಟೂ ಟೈಪ್ ಮಾಡಿಕೊಟ್ಟಳು. "ಈ ಗಂಡಸಿಗೆ ನೀವು ಜಾಸ್ತಿ ಕ್ಷಮೆ ಕೊಟ್ಟಿರಿ ಅತ್ತೆ" ಎಂದು ಜಗಳವನ್ನೂ ಆಡಿದಳು. ಆ ಜಗಳ ನನಗೆ ಬಹಳ ಬೇಕಾಗಿತ್ತು ಕಣಮ್ಮ. ನಮ್ಮ ಮನೆಯವರು ಬೆಳಗಿನ ಕಾಫಿ ತಾವೇ ಮಾಡಿಕೊಂಡು ನನಗೊಂದು ಲೋಟ ಮೇಜಿನ ಮೇಲೆ ಇಟ್ಟು ಸುಮ್ನೆ ತೋಟಕ್ಕೆ ಹೋಗುತ್ತಿದ್ದರು. ನಾನು ಬರೆದದ್ದೆಲ್ಲ ಆ ಹೊತ್ತಿನಲ್ಲೇ. ಪುಸ್ತಕ ಹುಡುಕಿಕೊಟ್ಟ ಲೈಬ್ರರಿಯವರಿಗೆ, ಹೊಸಬಳನ್ನು ನಂಬಿದ ಪ್ರಕಾಶಕರಿಗೆ, ಮಳೆಯಲ್ಲೂ ಬಂದು ಕುರ್ಚಿ ತುಂಬಿಸಿದ ಎಲ್ಲರಿಗೂ ಧನ್ಯವಾದ.

ಅಡಿಕೆ ಸುಲಿಯುವ ಕಾಲಕ್ಕೆ ಊರಿಗೆ ಬರುತ್ತೇನೆ. ಓದಲು ಬಾರದವರಿಗೆ ನಾನೇ ಓದಿ ಹೇಳುತ್ತೇನೆ. ಅತ್ತೆಮ್ಮ, ನೀವು ಹೇಳಿದ್ದು ಒಂದು, ನಾನು ಬರೆದದ್ದು ಇನ್ನೊಂದು ಆಗಿದ್ದರೆ ಅಲ್ಲೇ ನಿಲ್ಲಿಸಿ ಹೇಳಿ. ಎರಡನೇ ಮುದ್ರಣಕ್ಕೆ ತಿದ್ದಿಕೊಳ್ಳುತ್ತೇನೆ.