ಕಚೇರಿ ದೂರವಾಣಿಯ ಜೊತೆಗೆ ಕೈಪಿಡಿಯೂ ಹಸ್ತಾಂತರವಾಗಲಿ

ಮಾನ್ಯ ಸಂಪಾದಕರೇ,

ಕಚೇರಿಯೊಂದರಲ್ಲಿ ಸಿಬ್ಬಂದಿ ವರ್ಗವಾದಾಗ ಬೀರುವಿನ ಬೀಗದ ಕೈಯಿಂದ ಗೋಡೆ ಗಡಿಯಾರದವರೆಗೆ ಎಲ್ಲವೂ ಪ್ರಭಾರ ಪಟ್ಟಿಯಲ್ಲಿ ನಮೂದಾಗುತ್ತದೆ. ದೂರವಾಣಿ ವ್ಯವಸ್ಥೆ ಮಾತ್ರ ‘ಇಪಿಎಬಿಎಕ್ಸ್ - 1’ ಎಂಬ ಒಂದೇ ಸಾಲಿನಲ್ಲಿ ಮುಗಿದುಹೋಗುತ್ತದೆ. ಇಪಿಎಬಿಎಕ್ಸ್ ಎಂದರೆ ಕಚೇರಿಯ ಫೋನ್‌ಗಳನ್ನು ಪರಸ್ಪರ ಮತ್ತು ಹೊರಗಿನ ಲೈನುಗಳಿಗೆ ಜೋಡಿಸುವ ಯಂತ್ರ. ಅಳವಡಿಸಿದ ತಂತ್ರಜ್ಞರು ಸಿಗದಿದ್ದರೆ, ನಿರ್ವಹಣಾ ಗುತ್ತಿಗೆಯೂ ಮುಗಿದಿದ್ದರೆ, ಯಾವ ಎಕ್ಸ್‌ಟೆನ್ಷನ್ (ಕಚೇರಿಯೊಳಗಿನ ಫೋನ್ ಸಂಖ್ಯೆ) ಯಾವ ಕೊಠಡಿಯದೆಂದು ಹೇಳುವವರೇ ಇರುವುದಿಲ್ಲ.

2021ರ ಜನವರಿ 15ರಿಂದ ಸ್ಥಿರ ದೂರವಾಣಿಯಿಂದ ಮೊಬೈಲ್‌ಗೆ ಕರೆ ಮಾಡಲು ಸಂಖ್ಯೆಯ ಮೊದಲು ಸೊನ್ನೆ ಕಡ್ಡಾಯವಾಯಿತು. ಹೊರಗಿನ ಲೈನಿಗೆ ಮೊದಲೇ ಸೊನ್ನೆ ಒತ್ತುವ ಕಚೇರಿಗಳಲ್ಲಿ ಈಗ ಎರಡು ಸೊನ್ನೆ ಒತ್ತಬೇಕು. ಎಸ್‌ಟಿಡಿಯನ್ನು, ಅಂದರೆ ಸೊನ್ನೆಯಿಂದ ಶುರುವಾಗುವ ಹೊರ ಊರಿನ ಕರೆಗಳನ್ನು, ನಿರ್ಬಂಧಿಸಿದ ಎಕ್ಸ್‌ಟೆನ್ಷನ್‌ಗಳಲ್ಲಾದರೆ ಯಂತ್ರ ಆ ಎರಡನೆಯ ಸೊನ್ನೆಯನ್ನೇ ತಡೆದುಬಿಡಬಹುದು. ಇದನ್ನು ಸರಿಪಡಿಸುವುದು ಕೆಲವೇ ನಿಮಿಷಗಳ ಕೆಲಸ, ಆದರೆ ಪ್ರೋಗ್ರಾಮಿಂಗ್ ಪಾಸ್‌ವರ್ಡ್ ಯಾರ ಬಳಿಯಿದೆ ಎಂಬುದು ಎಲ್ಲಾದರೂ ಬರೆದಿರಬೇಕಲ್ಲ! ನನಗೆ ತಿಳಿದ ಒಂದು ಕಚೇರಿಯಲ್ಲಿ ಅದು ಯಾರಿಗೂ ಗೊತ್ತಿಲ್ಲದೆ, ಸಾರ್ವಜನಿಕರಿಗೆ ಮರಳಿ ಕರೆ ಮಾಡಲು ಸಿಬ್ಬಂದಿ ತಿಂಗಳುಗಟ್ಟಲೆ ಸ್ವಂತ ಮೊಬೈಲ್ ಬಳಸಿದರು.

ಕಂಪನಿಯ ದಪ್ಪ ಇಂಗ್ಲಿಷ್ ಕೈಪಿಡಿ ಇದಕ್ಕೆ ಪರಿಹಾರವಾಗದು, ಏಕೆಂದರೆ ಅದು ತಂತ್ರಜ್ಞರಿಗಾಗಿ ಬರೆದದ್ದು. ಯಂತ್ರವನ್ನು ನಿತ್ಯ ನೋಡಿಕೊಳ್ಳುವವರು ಸ್ವಾಗತಕಾರರು ಅಥವಾ ಟಪಾಲು ವಿಭಾಗದ ಸಹಾಯಕರು. ‘ಡಯಲ್ ಟೋನ್ ಬರುತ್ತಿಲ್ಲ’, ‘ಹೊರಗಿನ ಕರೆ ಬರುತ್ತದೆ, ಹೋಗುವುದಿಲ್ಲ’, ‘ಸಾಹೇಬರ ಕೊಠಡಿ ಬದಲಾಗಿದೆ, ನಂಬರ್ ಅದೇ ಇರಬೇಕು’ - ಅವರಿಗೆ ಎದುರಾಗುವ ಇಂಥ ಸಂದರ್ಭಗಳೇ ಕೈಪಿಡಿಯ ತಲೆಬರಹಗಳಾಗಬೇಕು, ಪ್ರತಿಯೊಂದರ ಕೆಳಗೆ ಒತ್ತಬೇಕಾದ ಗುಂಡಿಗಳೂ, ಅಷ್ಟಕ್ಕೂ ಸರಿಹೋಗದಿದ್ದರೆ ಕರೆಯಬೇಕಾದವರ ವಿವರವೂ ಕನ್ನಡದಲ್ಲಿರಬೇಕು. 1986ರಲ್ಲಿ ನಮ್ಮ ಕಿತ್ತೂರಿನಲ್ಲಿ ಆರಂಭವಾದ ಕೇಂದ್ರ ಸರ್ಕಾರದ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್‌ನ ಗ್ರಾಮೀಣ ದೂರವಾಣಿ ವಿನಿಮಯ ಕೇಂದ್ರವನ್ನು ಹಳ್ಳಿಯ ಸ್ಥಿತಿಗತಿ ನೋಡಿಯೇ, ಹವಾನಿಯಂತ್ರಣವಿಲ್ಲದೆ ನಡೆಯುವಂತೆ ರೂಪಿಸಿದ್ದರು. ಬಳಸುವವರ ಬಗೆಗಿನ ಅಂಥ ಕಾಳಜಿ ಒಂದು ಕೈಪಿಡಿ ಬರೆಯುವಾಗಲೂ ಇರಬೇಕೆಂದು ಕೇಳುವುದು ಅತಿಯಾಸೆಯಲ್ಲ.

ಎಲ್ಲಕ್ಕಿಂತ ಹೆಚ್ಚು ಗೋಳು ತಂತಿಗಳದ್ದು. ಮೆಟ್ಟಿಲ ಕೆಳಗಿನ ವಿತರಣಾ ಪೆಟ್ಟಿಗೆ ತೆರೆದರೆ ಹತ್ತು ಹತ್ತು ಜೋಡಿ ತಂತಿಗಳನ್ನು ಸೇರಿಸುವ ಪಟ್ಟಿಗಳ, ಅಂದರೆ ಕ್ರೋನ್ ಮಾಡ್ಯೂಲ್‌ಗಳ ಸಾಲು ಕಾಣುತ್ತದೆ, ಪಕ್ಕದಲ್ಲಿ ಎಂದೋ ನಿವೃತ್ತರಾದವರ ಹೆಸರುಗಳು ಪೆನ್ಸಿಲಿನಲ್ಲಿ ಮಾಸಿರುತ್ತವೆ. ಗುರುತುಚೀಟಿಯಲ್ಲಿ ವ್ಯಕ್ತಿಯ ಹೆಸರು ಬೇಡ; ಕೊಠಡಿ ಸಂಖ್ಯೆ, ಎಕ್ಸ್‌ಟೆನ್ಷನ್, ಜೋಡಿಯ ಸಂಖ್ಯೆ ಇರಲಿ, ಅದೇ ಪಟ್ಟಿ ಕೈಪಿಡಿಯಲ್ಲೂ ಇರಲಿ. ವಿದ್ಯುತ್ ಹೋಗಿ ಬ್ಯಾಟರಿಯೂ ಬರಿದಾದಾಗ ಕೆಲವು ಯಂತ್ರಗಳು ಹೊರಗಿನ ಒಂದೆರಡು ಲೈನುಗಳನ್ನು ನಿಗದಿತ ಫೋನ್‌ಗಳಿಗೆ ನೇರವಾಗಿ ಸೇರಿಸುತ್ತವೆ. ಆ ಫೋನ್ ಯಾವುದು, ತುರ್ತಿಗೆ 112ಕ್ಕೆ ಕರೆ ಮಾಡುವಾಗ ಮೊದಲು ಸೊನ್ನೆ ಒತ್ತಬೇಕೇ ಬೇಡವೇ ಎಂಬುದು ಮೊದಲ ಪುಟದಲ್ಲೇ ದಪ್ಪ ಅಕ್ಷರದಲ್ಲಿರಬೇಕು. ಇಂಟರ್‌ನೆಟ್ ಆಧಾರಿತ ಹೊಸ ವ್ಯವಸ್ಥೆಗಳಲ್ಲಿ ಸೆಟ್ಟಿಂಗ್‌ಗಳ ಬ್ಯಾಕಪ್ ಎಲ್ಲಿದೆ, ಯಾವ ಸ್ವಿಚ್ ಆಫ್ ಆದರೆ ಫೋನ್‌ಗಳು ಸತ್ತುಹೋಗುತ್ತವೆ ಎಂಬುದನ್ನೂ ಸೇರಿಸಬೇಕು. ಪಾಸ್‌ವರ್ಡನ್ನು ಮಾತ್ರ ಕೈಪಿಡಿಯಲ್ಲಿ ಬರೆಯದೆ, ಮೊಹರು ಮಾಡಿದ ಲಕೋಟೆಯಲ್ಲಿ ಕಚೇರಿ ಮುಖ್ಯಸ್ಥರ ವಶದಲ್ಲಿಡುವುದು ಕ್ಷೇಮ. ಕಾರ್ಖಾನೆಯಿಂದ ಬಂದ ಪಾಸ್‌ವರ್ಡನ್ನೇ ಹಾಗೇ ಬಿಟ್ಟರೆ ಹೊರಗಿನವರು ಒಳನುಗ್ಗಿ ಕಚೇರಿಯ ಖರ್ಚಿನಲ್ಲಿ ವಿದೇಶಗಳಿಗೆ ಕರೆ ಮಾಡುವ ಅಪಾಯವಿದೆ.

ಬರೆದದ್ದು ಅರ್ಥವಾಗುತ್ತದೆಯೇ ಎಂಬುದನ್ನು ಬರೆದವರೇ ತೀರ್ಮಾನಿಸಬಾರದು. ಯಂತ್ರವನ್ನು ಎಂದೂ ಮುಟ್ಟದ ಸಿಬ್ಬಂದಿಯೊಬ್ಬರ ಕೈಗೆ ಕೈಪಿಡಿ ಕೊಟ್ಟು, ಒಂದು ಕರೆಯನ್ನು ವರ್ಗಾಯಿಸಲು, ಒಂದು ಎಕ್ಸ್‌ಟೆನ್ಷನ್ ಬದಲಿಸಲು ಹೇಳಿ, ತಂತ್ರಜ್ಞರು ಬಾಯಿ ಬಿಡದೆ ಪಕ್ಕದಲ್ಲಿ ನಿಲ್ಲಬೇಕು. ಅವರು ತಡವರಿಸಿದ ಸಾಲುಗಳನ್ನು ಅಲ್ಲೇ ತಿದ್ದಬೇಕು. ಈ ಪರೀಕ್ಷೆ ಮುಗಿದು, ಆ ಸಿಬ್ಬಂದಿ ಸಹಿ ಹಾಕಿದ ನಂತರವೇ ಗುತ್ತಿಗೆದಾರರ ಕೊನೆಯ ಕಂತು ಪಾವತಿಯಾಗಬೇಕೆಂಬ ಷರತ್ತನ್ನು ಸರ್ಕಾರಿ ಇಲಾಖೆಗಳು ತಮ್ಮ ಟೆಂಡರ್‌ಗಳಲ್ಲಿ ಸೇರಿಸಬೇಕೆಂದು ಸಂಬಂಧಪಟ್ಟವರನ್ನು ವಿನಂತಿಸುತ್ತೇನೆ.

- ನಿವೃತ್ತ ದೂರವಾಣಿ ತಂತ್ರಜ್ಞ, ಧಾರವಾಡ