ಹಿಂದಿನ ಗೆರೆಯ ಕಡೆ ಕೂತು ನೋಡಿದ ಪಂದ್ಯ: ಗೆಳೆಯನಿಗೊಂದು ಪತ್ರ

ಗೆಳೆಯಾ,

ಫೋನ್ ಮಾಡೋಣ ಅಂತಲೇ ಇದ್ದೆ. ಗಂಟಲು ಬಿಡಲಿಲ್ಲ. ನಿನ್ನೆ ಕೂಗಿದ್ದು ಜಾಸ್ತಿಯಾಗಿ, ಈಗ ಬಾಯಿ ತೆರೆದರೆ ಬರೀ ಗಾಳಿ ಬರುತ್ತಿದೆ. ಅದಕ್ಕೇ ಎಷ್ಟೋ ವರ್ಷದ ಮೇಲೆ ನಿನಗೊಂದು ಪತ್ರ.

ನಮ್ಮ ಕಾಲೇಜಿನ ಹುಡುಗಿಯರ ವಾಲಿಬಾಲ್ ಪಂದ್ಯಕ್ಕೆ ಹೋಗಿದ್ದೆ. ಸೆಮಿಫೈನಲ್. ಕೊನೆಗೆ ಏನಾಯ್ತು ಅಂತ ನೀನು ಕಾಯುವುದು ಬೇಡ, ಮೊದಲೇ ಹೇಳಿಬಿಡುತ್ತೇನೆ: 3-2ರಲ್ಲಿ ಸೋತೆವು. ಐದನೇ ಸೆಟ್ಟು 15-13. ಬೇಜಾರು ಮಾಡಿಕೊಂಡು ಆಗಿದೆ. ಈಗ ಬರೆಯುತ್ತಿರುವುದು ಬೇರೆ ವಿಷಯಕ್ಕೆ.

ತಲುಪುವ ಹೊತ್ತಿಗೆ ತಡವಾಗಿತ್ತು. ಕೋರ್ಟಿನ ಎರಡೂ ಪಕ್ಕದ ಜಾಗ ತುಂಬಿಹೋಗಿತ್ತು. ಉಳಿದಿದ್ದು ಸರ್ವಿಸ್ ಹಾಕುವ ಗೆರೆಯ ಹಿಂದಿನ ಮೂರು ಸಾಲು ಮಾತ್ರ. ಅಲ್ಲಿ ಯಾರೂ ಇಷ್ಟಪಟ್ಟು ಕೂರುವುದಿಲ್ಲ. ನೆಟ್ಟು ಅಡ್ಡ ಬರುತ್ತೆ, ಆ ಕಡೆಯ ಕೋರ್ಟು ಸರಿಯಾಗಿ ಕಾಣಲ್ಲ, ಚೆಂಡು ಯಾವಾಗ ಮೂಗಿಗೆ ಬಂದು ಬಡಿಯುತ್ತೋ ಗೊತ್ತಿಲ್ಲ. ಗೊಣಗುತ್ತಲೇ ಕೂತೆ. ಆಟ ಶುರುವಾಗಿ ಐದು ನಿಮಿಷಕ್ಕೆ ಗೊಣಗಾಟ ನಿಂತಿತು. ಪಕ್ಕದಲ್ಲಿ ಕೂತರೆ ಚೆಂಡು ಆ ಕಡೆಗೂ ಈ ಕಡೆಗೂ ಹೋಗುವುದು ಕಾಣುತ್ತೆ, ಅಷ್ಟೇ. ಹಿಂದೆ ಕೂತರೆ ಆರು ಜನ ಎಲ್ಲೆಲ್ಲಿ ನಿಂತಿದ್ದಾರೆ, ಯಾರು ಯಾರಿಗೆ ಜಾಗ ಬಿಟ್ಟರು, ಯಾವ ಮೂಲೆ ಖಾಲಿಯಿದೆ ಎಲ್ಲಾ ಕಾಣುತ್ತೆ. ಮಾತೂ ಕೇಳಿಸುತ್ತೆ. 'ನಂದು', 'ಬಿಡು', 'ಔಟ್ ಔಟ್', 'ಹಿಂದೆ ಹಿಂದೆ'. ಈ ಆಟದಲ್ಲಿ ಇಷ್ಟು ಮಾತಿದೆ ಅಂತ ನನಗೆ ಗೊತ್ತೇ ಇರಲಿಲ್ಲ ನೋಡು.

ನಾನು ಹೋಗಿದ್ದು 9ನೇ ನಂಬರಿನ ಹುಡುಗಿಯನ್ನು ನೋಡಲು. ಈ ವರ್ಷ ಎಲ್ಲರ ಬಾಯಲ್ಲೂ ಅವಳದೇ ಮಾತು. ಎಡಗಡೆಯಿಂದ ಓಡಿಬಂದು ಹಾರಿದರೆ 2.24 ಮೀಟರಿನ ನೆಟ್ಟಿನ ಮೇಲೆ ಮೊಣಕೈ ಕಾಣುತ್ತೆ. ಸ್ಮ್ಯಾಶ್ ಹೊಡೆದರೆ ಆ ಸದ್ದು ಎದೆಗೆ ಬಂದು ತಟ್ಟುತ್ತೆ. ಮೊದಲ ಸೆಟ್ಟನ್ನು 25-22ಕ್ಕೆ ಗೆದ್ದದ್ದೇ ಅವಳಿಂದ ಅಂತ ನಾನೂ ಚಪ್ಪಾಳೆ ತಟ್ಟಿದೆ. ಆದರೆ ಅಷ್ಟರಲ್ಲೇ ನನ್ನ ಕಣ್ಣು ಬೇರೆ ಕಡೆ ಹೋಗಿತ್ತು.

ಎಲ್ಲರದೂ ನೀಲಿ ಜರ್ಸಿ, ಒಬ್ಬಳದು ಮಾತ್ರ ಹಳದಿ. ಕುಳ್ಳಗೆ. ತಂಡದ ಬೇರೆಯವರ ಭುಜಕ್ಕೆ ಬರುತ್ತಾಳೆ. ಲಿಬೆರೊ. ನಾವು ಕಾಲೇಜಿನಲ್ಲಿದ್ದಾಗ ಆ ಪದವೇ ಇರಲಿಲ್ಲ ಅಲ್ವಾ? ಅಂತರರಾಷ್ಟ್ರೀಯ ಆಟಕ್ಕೆ ಅದು ಬಂದದ್ದು 1998ರಲ್ಲಿ. ಹಿಂದಿನ ಸಾಲಿನಲ್ಲಿ ಮಾತ್ರ ಆಡಬೇಕು. ನೆಟ್ಟಿನ ಹತ್ತಿರ ಹಾರಿ ಎದುರಿನವರ ಹೊಡೆತ ತಡೆಯುವ ಬ್ಲಾಕಿಗೆ ಕೈ ಎತ್ತುವ ಹಾಗಿಲ್ಲ. ನೆಟ್ಟಿನ ಎತ್ತರಕ್ಕಿಂತ ಮೇಲಿರುವ ಚೆಂಡನ್ನು ಆ ಕಡೆಗೆ ಹೊಡೆಯುವ ಹಾಗಿಲ್ಲ. ಅಂತರರಾಷ್ಟ್ರೀಯ ನಿಯಮದಲ್ಲಿ ಸರ್ವಿಸ್ ಕೂಡ ಹಾಕುವಂತಿಲ್ಲ. ಅಂದರೆ ಪಾಯಿಂಟು ತರುವ ದಾರಿಗಳನ್ನೆಲ್ಲ ಮುಚ್ಚಿ, 'ಹೋಗು, ಚೆಂಡು ಕೆಳಗೆ ಬೀಳದ ಹಾಗೆ ನೋಡಿಕೋ' ಅಂತ ಒಳಗೆ ಕಳಿಸಿದ ಹಾಗೆ.

ಅವಳ ಸೊಂಟದಲ್ಲಿ ಒಂದು ಪುಟ್ಟ ಟವೆಲ್ ಸಿಕ್ಕಿಸಿಕೊಂಡಿದ್ದಳು. ಮೊದಲು ಬೆವರು ಒರೆಸಿಕೊಳ್ಳಲು ಅಂದುಕೊಂಡೆ. ಅಲ್ಲ. ಪ್ರತಿ ಸಲ ಹಾರಿ ಬಿದ್ದು ಎದ್ದ ಮೇಲೆ, ತಾನು ಬಿದ್ದ ಜಾಗದ ಒದ್ದೆ ಒರೆಸುತ್ತಿದ್ದಳು. ಮಂಡಿಯೂರಿ ಎರಡು ಸಲ ಬರಬರ ಉಜ್ಜಿ, ಟವೆಲ್ ಮತ್ತೆ ಸೊಂಟಕ್ಕೆ ಸಿಕ್ಕಿಸಿ, ಪಕ್ಕದವಳ ಕೈಗೊಂದು ತಟ್ಟಿ, ಮತ್ತೆ ಬಗ್ಗಿ ನಿಲ್ಲುವುದು. ಇಡೀ ಪಂದ್ಯ ಇದೇ.

ಬಿದ್ದರೂ ಭುಜದ ಮೇಲೆ ಉರುಳಿ, ಬಿದ್ದ ವೇಗದಲ್ಲೇ ಎದ್ದು ನಿಲ್ಲುತ್ತಾಳೆ. ಈ ಉರುಳಾಟಕ್ಕೆ ಹೆಸರು ತಂದುಕೊಟ್ಟವರು 1964ರ ಟೋಕಿಯೊ ಒಲಿಂಪಿಕ್ಸಿನ ಜಪಾನ್ ಹುಡುಗಿಯರು, ನಿನಗೆ ನೆನಪಿರಬೇಕು. ವಾಲಿಬಾಲ್ ಒಲಿಂಪಿಕ್ಸಿಗೆ ಬಂದದ್ದೇ ಆ ವರ್ಷ. ತಂಡದ ಹೆಚ್ಚಿನವರು ಒಂದೇ ನೂಲಿನ ಗಿರಣಿಯವರು. ಹಗಲು ಕೆಲಸ, ಆಮೇಲೆ ಅಭ್ಯಾಸ. ದೈಮಾತ್ಸು ಅನ್ನೋ ಕೋಚು ಚೆಂಡು ಎಸೆಯುತ್ತಿದ್ದರಂತೆ, ಇವರು ಬಿದ್ದು ಉರುಳಿ ಏಳುತ್ತಿದ್ದರಂತೆ, ನಡುರಾತ್ರಿಯವರೆಗೂ. ಚಿನ್ನ ಯಾರಿಗೆ ಅಂತ ತೀರ್ಮಾನಿಸಿದ ಕೊನೆಯ ಪಂದ್ಯದಲ್ಲಿ ಸೋವಿಯತ್ ತಂಡವನ್ನು 3-0ಗೆ ಸೋಲಿಸಿದರು. ಆ ಕೋಚಿನ ಗಟ್ಟಿತನ ನನಗೆ ಇಷ್ಟವಾಗುವಂಥದ್ದಲ್ಲ, ಬೇರೆ ಮಾತು. ಆದರೆ ನಿನ್ನೆ ಆ ಹುಡುಗಿ ನನ್ನಿಂದ ನಾಲ್ಕು ಮಾರು ದೂರದಲ್ಲಿ ಉರುಳಿ ಎದ್ದಾಗ, ಉರುಳಿದ್ದು ಯಾಕೆ ಅಂತ ಅರ್ಥವಾಯಿತು. ಏಳುವುದಕ್ಕೆ ಬೇರೆ ಸಮಯವೇ ಬೇಕಾಗಲ್ಲ!

ನನ್ನ ಪಕ್ಕ ಒಬ್ಬ ಹುಡುಗಿ ನೋಟ್‌ಬುಕ್ ಹಿಡಿದು ಕೂತಿದ್ದಳು. ಜೂನಿಯರ್ ತಂಡದವಳು. ಪ್ರತಿ ಸರ್ವಿಸ್ ಆದ ಮೇಲೆ ಒಂದು ಅಂಕಿ ಬರೆಯುತ್ತಿದ್ದಳು. 3, 2, 2, 0, 3. ಕುತೂಹಲ ತಡೆಯದೆ ಬಗ್ಗಿ ನೋಡಿದೆ.

"ಅಂಕಲ್, ಇದು ಸ್ಕೋರ್ ಅಲ್ಲ. ಮೊದಲ ಪಾಸಿಗೆ ಕೊಡೋ ಮಾರ್ಕ್ಸು."

ಸರ್ವಿಸನ್ನು ಎತ್ತಿಕೊಟ್ಟ ಚೆಂಡು ನೇರವಾಗಿ ಲಿಫ್ಟರ್, ಅಂದರೆ ಹೊಡೆಯುವವರಿಗೆ ಚೆಂಡು ಎತ್ತಿಕೊಡುವವಳ, ಕೈಗೆ ಬಂದರೆ 3. ಅವಳು ಎರಡು ಮೂರು ಹೆಜ್ಜೆ ಓಡಬೇಕಾದರೆ 2. ಎಲ್ಲಿಂದಲೋ ಹೇಗೋ ಎತ್ತಿ ಕಳಿಸಬೇಕಾದರೆ 1. ಚೆಂಡು ಕೈತಪ್ಪಿ ಹೋದರೆ ಸೊನ್ನೆ. ಅವಳು ಇಷ್ಟು ಹೇಳಿ, "3 ಬಿದ್ದಾಗ ಎದುರುಗಡೆ ಬ್ಲಾಕರ್ ಮುಖ ನೋಡಿ" ಅಂದಳು.

ನೋಡಿದೆ. ಪಾಸು ಸರಿಯಾಗಿ ಬಂದರೆ ನಮ್ಮ ಲಿಫ್ಟರ್ ಎಡಕ್ಕೂ ಕೊಡಬಹುದು, ಬಲಕ್ಕೂ ಕೊಡಬಹುದು, ನಡುವೆ ಗಿಡ್ಡ ಚೆಂಡೂ ಎತ್ತಬಹುದು. ಎದುರಿನ ನಡು ಬ್ಲಾಕರ್ ಎತ್ತ ಹೋಗಬೇಕು ಅಂತ ತಿಳಿಯದೆ ಕಾಲಲ್ಲೇ ತಡವರಿಸುತ್ತಾಳೆ. ಪಾಸು ಕೆಟ್ಟರೆ ಉಳಿಯುವುದು ಒಂದೇ ದಾರಿ, ಎಡಗಡೆಗೆ ಎತ್ತರದ ಚೆಂಡು. ಅದು ಎಲ್ಲರಿಗೂ ಗೊತ್ತು. ಇಬ್ಬರು ಬ್ಲಾಕರ್‌ಗಳು ಆರಾಮವಾಗಿ ಬಂದು ಕಾದು ನಿಲ್ಲುತ್ತಾರೆ. 9ನೇ ನಂಬರಿನ ಎದುರು ನಾಲ್ಕು ಕೈ. ನಾವು ಹೊರಗೆ ಕೂತು 'ಇವಳಿಗೆ ಇವತ್ತು ಏನಾಗಿದೆ' ಅಂತ ಬೈಯುತ್ತೇವೆ.

ಇಲ್ಲಿ ನಿನ್ನ ನೆನಪಾಯಿತು ಮಾರಾಯಾ. ನೀನು ಲಿಫ್ಟರ್. ನಾನು ಟೀಮಿಗೆ ಸೇರಲಾಗದೆ ಸ್ಕೋರ್ ಬೋರ್ಡಿನ ಅಂಕಿ ತಿರುಗಿಸುತ್ತಿದ್ದವನು. ಆಗ ಸರ್ವಿಸ್ ಇದ್ದ ಕಡೆಗೆ ಮಾತ್ರ ಪಾಯಿಂಟು, ಸೆಟ್ಟಿಗೆ 15. ಎಷ್ಟೋ ಹೊತ್ತು ನನಗೆ ಕೆಲಸವೇ ಇರುತ್ತಿರಲಿಲ್ಲ. ಆ ವರ್ಷ ಕಪ್ಪು ಗೆದ್ದಾಗ ಸ್ಮ್ಯಾಶರನ್ನು ಹೆಗಲ ಮೇಲೆ ಹೊತ್ತವರಲ್ಲಿ ನಾನೂ ಒಬ್ಬ. ನೀನು ಕಂಬಕ್ಕೆ ಒರಗಿ ಶೂ ಲೇಸು ಬಿಚ್ಚುತ್ತಾ ಕೂತಿದ್ದೆ. ರಾತ್ರಿ 'ಆ ಚೆಂಡು ಕೊಟ್ಟಿದ್ಯಾರು ಅಂತ ಯಾರೂ ಕೇಳಲ್ಲ ನೋಡು' ಅಂದಿದ್ದೆ. ನಾನು ನಕ್ಕಿದ್ದೆ. ಅದು ನೆನಪಾಗಿ ನಿನ್ನೆ ಸ್ವಲ್ಪ ಹೊತ್ತು ಆಟ ನೋಡಲಿಲ್ಲ.

ಎರಡನೇ ಸೆಟ್ಟಿನ ಬಗ್ಗೆ ಹೇಳುವುದೇನಿಲ್ಲ. 25-18, ಅವರದು.

ಮೂರನೆಯದು ಮಾತ್ರ ನೋಡಲು ಸಂಕಟ. ಅವರ 4ನೇ ನಂಬರು ಸರ್ವಿಸ್‌ಗೆ ಬಂದಳು. ಜೋರಾಗಿ ಹೊಡೆಯುವವಳಲ್ಲ. ಅಂಗೈ ಬಿಗಿಮಾಡಿ ಚೆಂಡಿನ ನಡುವಿಗೆ ಒಂದೇ ಪೆಟ್ಟು, ಅಲ್ಲೇ ಕೈ ನಿಲ್ಲಿಸಿಬಿಡುತ್ತಾಳೆ. ಚೆಂಡು ತಿರುಗುವುದೇ ಇಲ್ಲ. ತಿರುಗದ ಚೆಂಡಿಗೆ ಗಾಳಿ ಒಂದೊಂದು ಕ್ಷಣ ಒಂದೊಂದು ಕಡೆಯಿಂದ ತಳ್ಳುತ್ತೆ, ದಾರಿಯಲ್ಲಿ ಅಲುಗಾಡುತ್ತೆ. ನಾನು ಸರಿಯಾಗಿ ಅದರ ದಾರಿಗೆ ಎದುರು ಕೂತಿದ್ದೆ. ಮುನ್ನೂರು ಗ್ರಾಮೂ ಇಲ್ಲದ ಚೆಂಡು ನನ್ನ ಕಡೆಗೇ ಬರುತ್ತಾ, ಇದ್ದಕ್ಕಿದ್ದಂತೆ ಒಂದು ಗೇಣು ಎಡಕ್ಕೆ ಜಾರಿತು. ಕುಡಿದವನ ನಡಿಗೆ ಹಾಗೆ. ಅವಳು ಹಾಕುತ್ತಿದ್ದದ್ದೂ ಸುಮ್ನೆ ಅಲ್ಲ, ಬೇಕಂತಲೇ 9ನೇ ನಂಬರಿನ ಮೇಲೆ. ಹೊಡೆಯುವವಳೇ ಮಂಡಿ ಬಗ್ಗಿಸಿ ಚೆಂಡು ಎತ್ತಬೇಕಾದರೆ ಓಡಿಬಂದು ಹಾರುವುದಕ್ಕೆ ತಡವಾಗುತ್ತೆ ತಾನೇ? ಪಕ್ಕದ ನೋಟ್‌ಬುಕ್ಕಿನಲ್ಲಿ ಸಾಲಾಗಿ 1, 0, 1, 0.

ಆಗ ಹಳದಿ ಜರ್ಸಿಯವಳು ಏನು ಮಾಡಿದಳು ಗೊತ್ತಾ? ಏನೂ ಮಾತಾಡದೆ ಎರಡು ಹೆಜ್ಜೆ ಎಡಕ್ಕೆ ಬಂದು, 9ನೇ ನಂಬರಿನ ಮುಂಗೈ ಹಿಡಿದು ಪಕ್ಕದ ಗೆರೆಯ ಹತ್ತಿರಕ್ಕೆ ಸರಿಸಿದಳು. ಅರ್ಧಕ್ಕಿಂತ ಜಾಸ್ತಿ ಕೋರ್ಟು ತನ್ನ ಪಾಲಿಗೆ. ಮುಂದಿನ ಸರ್ವಿಸಿಗೆ 'ನಂದು ನಂದು ನಂದು' ಅಂತ ಮೂರು ಸಲ ಕೂಗಿದಳು. ಚೆಂಡು ಮುಂಗೈ ಮೇಲೆ ಬಿದ್ದ ಸದ್ದು ಎಷ್ಟು ಮೆತ್ತಗಿತ್ತು ಅಂದರೆ, ಹಾಸಿಗೆ ಮೇಲೆ ದಿಂಬು ಬಿದ್ದ ಹಾಗೆ. ನೋಟ್‌ಬುಕ್ಕಿಗೆ 3 ಬಿತ್ತು. ಆ ಸೆಟ್ಟು ಹೋಯಿತು, 25-20. ಆದರೆ ನಾಲ್ಕನೆಯದನ್ನು 26-24ಕ್ಕೆ ತಂದದ್ದು ಆ ಎರಡು ಹೆಜ್ಜೆಯೇ ಅಂತ ನನ್ನ ಲೆಕ್ಕ.

ಇನ್ನೊಂದು ಒಪ್ಪಿಕೊಳ್ಳಬೇಕು. ನಾಲ್ಕನೇ ಸೆಟ್ಟಿನಲ್ಲಿ ಎದುರಾಳಿ ತಂಡ ನಮ್ಮ ಮುಂದಿನ ಕೋರ್ಟಿನಲ್ಲಿತ್ತು. 24-24 ಇದ್ದಾಗ ಅವರ ಹುಡುಗಿ ಸರ್ವಿಸ್‌ಗೆ ನನ್ನ ಮುಂದೆಯೇ ಬಂದು ನಿಂತಳು. ಚೆಂಡನ್ನು ಐದು ಸಲ ನೆಲಕ್ಕೆ ಬಡಿದಳು. ವಿಸಿಲ್ ಆದ ಮೇಲೆ ಎಂಟು ಸೆಕೆಂಡಿನೊಳಗೆ ಹೊಡೆಯಬೇಕು. ಸರಿಯಾಗಿ ಅವಳು ಚೆಂಡು ಎತ್ತಿದಾಗ ನಾನು ಹೋ ಅಂತ ಕಿರುಚಿದೆ. ಸರ್ವಿಸ್ ನೆಟ್ಟಿಗೆ ಬಿತ್ತು. ಸುತ್ತಲಿದ್ದವರು ನನ್ನ ಬೆನ್ನು ತಟ್ಟಿದರು. ಅವಳು ತಿರುಗಿ ನೋಡಿದಳು. ನನ್ನ ವಯಸ್ಸಿಗೆ ಅದು ಮಾಡುವ ಕೆಲಸ ಆಗಿರಲಿಲ್ಲ. ಆಮೇಲೆ ನಮ್ಮವರಿಗಾಗಿ ಕೂಗಿದೆ, ಅವರ ವಿರುದ್ಧ ಕೂಗಲಿಲ್ಲ.

ಒಟ್ಟು ಜನ ಮುನ್ನೂರಿರಬಹುದು. 2023ರ ಆಗಸ್ಟ್ 30ರಂದು ಅಮೆರಿಕದ ನೆಬ್ರಾಸ್ಕದಲ್ಲಿ ಫುಟ್‌ಬಾಲ್ ಸ್ಟೇಡಿಯಮ್ಮಿನ ನಡುವೆ ಕೋರ್ಟು ಹಾಕಿ ಕಾಲೇಜು ಹುಡುಗಿಯರ ಪಂದ್ಯ ಆಡಿಸಿದ್ದರು, ನೋಡಲು ಬಂದವರು 92,003. ಒಂದು ಪುಟ್ಟ ಊರೇ ಎದ್ದು ಬಂದ ಹಾಗೆ. ಓದಿದಾಗ ಹೊಟ್ಟೆ ಉರಿದಿತ್ತು. ನಿನ್ನೆ ಮಾತ್ರ ಉರಿಯಲಿಲ್ಲ. ಅಷ್ಟು ದೂರ ಕೂತರೆ 'ನಂದು ನಂದು' ಕೇಳಿಸುತ್ತಾ ಹೇಳು?

ಐದನೇ ಸೆಟ್ಟು. ಒಂದು ತಂಡ 8 ಮುಟ್ಟಿದಾಗ ಕೋರ್ಟು ಬದಲಾಗುತ್ತಲ್ಲ, ನಮ್ಮವರು ಮತ್ತೆ ನಮ್ಮ ಮುಂದೆ ಬಂದರು. 13-14. ಸರ್ವಿಸ್ ಅವರದು. ಪಾಸು ಚೆನ್ನಾಗಿ ಬಂತು, ನಡುವಿನಿಂದ ಹೊಡೆದರು, ಅವರು ಎತ್ತಿದರು. ಅವರು ಹೊಡೆದರು, ಹಳದಿ ಜರ್ಸಿ ಎತ್ತಿದಳು. ಮತ್ತೆ ಹೊಡೆದರು, ಮತ್ತೆ ಎತ್ತಿದಳು. ಮೂರನೇ ಸಲ ಅವರು ಹೊಡೆಯುವ ಹಾಗೆ ಮಾಡಿ ಬೆರಳ ತುದಿಯಲ್ಲಿ ಮೆಲ್ಲಗೆ ಬ್ಲಾಕಿನ ಹಿಂದೆ ಹಾಕಿದರು. ಮುಗೀತು ಅಂದುಕೊಂಡೆ. ಅವಳು ಹೊಟ್ಟೆ ಅಡಿಯಾಗಿ ಜಾರಿ, ಅಂಗೈಯನ್ನು ನೆಲಕ್ಕೆ ಚಪ್ಪಟೆಯಾಗಿ ಒತ್ತಿ ಮುಂದೆ ಚಾಚಿದಳು. ಚೆಂಡು ನೆಲ ಮುಟ್ಟಲಿಲ್ಲ. ಅವಳ ಕೈ ಹಿಂಬದಿಗೆ ಬಿದ್ದು ಒಂದು ಮೊಳ ಮೇಲೆದ್ದಿತು. ಅಷ್ಟೇ ಸಾಕಾಯಿತು. ಲಿಫ್ಟರ್ ಮಂಡಿಯ ಮೇಲೆ ಕೂತೇ ಅದನ್ನು ಎಡಕ್ಕೆ ಎತ್ತಿದಳು. 9ನೇ ನಂಬರು ಹಾರಿದಳು. ಎದುರಿಗೆ ನಾಲ್ಕು ಕೈ. ಅವುಗಳ ಮೇಲಿಂದ ಹೊಡೆದಳು.

ಆ ತುದಿ ನನಗೆ ಕಾಣಲಿಲ್ಲ. ಲೈನ್ ಜಡ್ಜ್ ಬಾವುಟ ಮೇಲಕ್ಕೆತ್ತಿದ್ದು ಮಾತ್ರ ಕಂಡಿತು. ಔಟ್.

ಒಂದು ಕ್ಷಣ ಸದ್ದೇ ಇಲ್ಲ. 9ನೇ ನಂಬರು ನೆಟ್ಟಿನ ಕೆಳಗೆ ಕುಕ್ಕರಗಾಲಲ್ಲಿ ಕೂತುಬಿಟ್ಟಳು. ಹಳದಿ ಜರ್ಸಿಯವಳು ಎದ್ದು, ಸೊಂಟದಿಂದ ಟವೆಲ್ ತೆಗೆದು, ತಾನು ಜಾರಿದ ಉದ್ದಕ್ಕೂ ನೆಲ ಒರೆಸಿದಳು. ಪಂದ್ಯ ಮುಗಿದಿತ್ತು ಕಣೋ! ರೂಢಿ. ಒರೆಸಿ ಮುಗಿಸಿ ಆಮೇಲೆ ಹೋಗಿ ಗೆಳತಿಯನ್ನು ಎಬ್ಬಿಸಿದಳು.

1895ರಲ್ಲಿ ವಿಲಿಯಂ ಮಾರ್ಗನ್ ಈ ಆಟ ಕಟ್ಟಿದ್ದು ಯಾಕೆ ಗೊತ್ತಲ್ಲ? ಬಾಸ್ಕೆಟ್‌ಬಾಲ್ ನಡುವಯಸ್ಸಿನ ಗಂಡಸರಿಗೆ ಸುಸ್ತು ಮಾಡುತ್ತೆ, ಅವರಿಗೊಂದು ಸಾವಕಾಶದ ಆಟ ಇರಲಿ ಅಂತ. ಆ ಲೆಕ್ಕದಲ್ಲಿ ನಿನ್ನೆ ಬರೀ ನೋಡಿಯೇ ಸುಸ್ತಾದ ನಡುವಯಸ್ಸಿನ ಗಂಡಸು ನಾನು.

ಹೊರಡುವಾಗ ಅವಳು ಬಾಗಿಲ ಹತ್ತಿರ ನೆಲದ ಮೇಲೆ ಕೂತಿದ್ದಳು. ಮಂಡಿಯ ಪಟ್ಟಿ ಕಾಲ ಗಂಟಿಗೆ ಜಾರಿತ್ತು. ಬೆರಳಿಗೆ ಸುತ್ತಿದ್ದ ಟೇಪನ್ನು ಹಲ್ಲಿನಿಂದ ಕಚ್ಚಿ ಬಿಚ್ಚುತ್ತಿದ್ದಳು. ಪಕ್ಕದಲ್ಲಿ ಆ ಟವೆಲ್, ಕಪ್ಪಗಾಗಿ ಹೋಗಿತ್ತು. ಒಂದು ಮಾತು ಹೇಳಲೇಬೇಕು ಅನ್ನಿಸಿ ನಿಂತೆ. 'ಚೆನ್ನಾಗಿ ಆಡಿದೆ ಕಣಮ್ಮಾ' ಅಂದೆ. ಅಂದೆ ಅಂತ ಅಂದುಕೊಂಡೆ, ಗಂಟಲಿಂದ ಬಂದದ್ದು ಬರೀ ಗಾಳಿ. ಅವಳು ಟೇಪು ಬಾಯಲ್ಲಿಟ್ಟುಕೊಂಡೇ ತಲೆ ಎತ್ತಿ, ಕೈ ತೋರಿಸಿ, "ಹೊರಗೆ ಹೋಗೋ ದಾರಿ ಆ ಕಡೆ, ಅಂಕಲ್" ಅಂದಳು.

ಭಾನುವಾರ ಮೂರನೇ ಸ್ಥಾನಕ್ಕೆ ಪಂದ್ಯ ಇದೆ. ಬಾರೋ. ಹಿಂದಿನ ಗೆರೆಯ ಕಡೆ ಎರಡು ಜಾಗ ಹಿಡಿದಿರುತ್ತೇನೆ. ನನ್ನ ಪಾಲಿನ ಕೂಗೂ ನೀನೇ ಕೂಗಬೇಕಾಗಬಹುದು.

ನಿನ್ನ,
ಸ್ಕೋರ್ ಬೋರ್ಡಿನವನು